ಸುಳಿಯಿಲ್ಲದ ತಲೆ

ಎರ್ಸಿಲಿಯಾಗೆ ಲ್ಯಾಟಿನ್ ಬರುತ್ತಿರಲಿಲ್ಲ. ಇಟಾಲಿಯನ್ ಓದುವುದಕ್ಕೂ ಕನ್ನಡಕ ಬೇಕಾಗಿತ್ತು, ಆ ಕನ್ನಡಕ ಯಾವಾಗಲೂ ಒಗೆಯಲು ಹಾಕಿದ ಏಪ್ರನ್ನಿನ ಜೇಬಿನಲ್ಲಿರುತ್ತಿತ್ತು. ಆದರೂ ಎರಡು ಸಾವಿರ ವರ್ಷ ಹಳೆಯ ರೋಮನ್ ಬೆಳ್ಳಿ ನಾಣ್ಯವೊಂದನ್ನು ಅವಳ ಅಂಗೈಗೆ ಹಾಕಿದರೆ, ಹೆಬ್ಬೆರಳಿನಿಂದ ಒಮ್ಮೆ ಸವರಿ, ಕಿಟಕಿಯ ಬೆಳಕಿಗೆ ವಾಲಿಸಿ, ಯಾರದೆಂದು ಹೇಳಿಬಿಡುತ್ತಿದ್ದಳು. ಮುಖ ನೋಡಿ ಅಲ್ಲ. ಮುಖಗಳ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಅಚ್ಚು ಕೊರೆಯುವವನಿಗೆ ಕೂಲಿ ಕೊಡುವವನೇ ಆ ಮುಖದ ಯಜಮಾನನಾಗಿರುವಾಗ ಗದ್ದ ಎಷ್ಟು ದಪ್ಪ, ಮೂಗು ಎಷ್ಟು ನೆಟ್ಟಗೆ ಅನ್ನುವುದನ್ನೆಲ್ಲ ಯಾರು ನಂಬುತ್ತಾರೆ? ಅವಳು ನೋಡುತ್ತಿದ್ದದ್ದು ಕೂದಲನ್ನು.

ನಮ್ಮ ಮೊಂತೆಗ್ವಾಲ್ದೊದ ಹೆಂಗಸರ ತಲೆಗಳೆಲ್ಲ ನಲವತ್ತು ವರ್ಷದಿಂದ ಅವಳ ಕೈಯಲ್ಲೇ ಇದ್ದವು. ಚೌಕದ ಮೂಲೆಯಲ್ಲಿ ಅವಳ ಅಂಗಡಿ. ಎರಡು ಕುರ್ಚಿ, ಒಂದು ತೊಟ್ಟಿ, ಕೂದಲು ಒಣಗಿಸುವ ದೊಡ್ಡ ಗುಮ್ಮಟ ಒಂದು. ಹುಡುಗಿಯಾಗಿದ್ದಾಗ ಅಂಕೋನಾದಲ್ಲಿ ಒಪೆರಾ ಕಂಪನಿಯೊಂದರ ವಿಗ್ಗಿನ ಕೋಣೆಯಲ್ಲಿ ಆರು ವರ್ಷ ದುಡಿದವಳು. ಜಾಲರಿಗೆ ಒಂದೊಂದೇ ಕೂದಲು ಗಂಟುಹಾಕಿ ರಾಣಿಯರನ್ನೂ ಹುಚ್ಚಿಯರನ್ನೂ ತಯಾರು ಮಾಡಿ ರಂಗಕ್ಕೆ ಕಳಿಸಿದವಳು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರ ತಲೆಗೆ ಅಂದು ನೀರು ಸ್ವಲ್ಪ ಹೆಚ್ಚೇ ಬಿಸಿಯಾಗಿ ಬೀಳುತ್ತಿತ್ತು, ಹಾಗಾಗಿ ಎರಡನೆಯ ಸಲ ಯಾರೂ ಕೇಳಲಿಲ್ಲ. ಆದರೆ ಒಂದು ಮಾತು ಒಪ್ಪಬೇಕು: ಆ ಕುರ್ಚಿಯಲ್ಲಿ ಕೂತವರು ಆಡಿದ್ದು, ಅತ್ತದ್ದು, ಯಾರ ಕಪ್ಪು ಕೂದಲು ಬಾಟಲಿಯದು, ಯಾರ ದಪ್ಪ ತುರುಬಿನೊಳಗೆ ಚೌರಿ ಇದೆ, ಯಾವುದೂ ಆ ಬಾಗಿಲು ದಾಟುತ್ತಿರಲಿಲ್ಲ. ಇಡೀ ಊರಿನಲ್ಲಿ ಬಾಯಿಗೆ ಬೀಗ ಇದ್ದದ್ದು ಇಬ್ಬರಿಗೇ, ಪಾದ್ರಿಗೆ ಮತ್ತು ಎರ್ಸಿಲಿಯಾಗೆ. ಪಾದ್ರಿಯ ಬೀಗ ಎರಡು ಲೋಟ ವೈನಿಗೆ ಸಡಿಲವಾಗುತ್ತಿತ್ತು.

ನಾಣ್ಯಗಳು ಅವಳ ಬದುಕಿಗೆ ಬಂದದ್ದು ಹಿಂದಿನ ಬಾಗಿಲಿನಿಂದ, ಒಂದು ಸೋಮವಾರ. ಸೋಮವಾರ ಅಂಗಡಿಗೆ ರಜಾ, ಶಟರು ಇಳಿದಿರುತ್ತದೆ. ಹಿಂದಿನ ದಿನವಷ್ಟೇ ಗಾರ್ಬೀನೊ ಬೀಸಿತ್ತು, ಹೆಂಚು ಹಾರಿಸುವ ನಮ್ಮ ಹಾಳು ಬಿಸಿಗಾಳಿ. ಬಾಗಿಲು ತೆಗೆದರೆ ಊರೆಲ್ಲ ದೊತ್ತೋರೆ, ಅಂದರೆ ಡಾಕ್ಟರು, ಎಂದು ಕರೆಯುವ ಔಷಧಿ ಅಂಗಡಿಯ ಎವರಿಸ್ತೊ ನಿಂತಿದ್ದಾನೆ. ತಲೆಗೆ ಹ್ಯಾಟು ಕಿವಿಯವರೆಗೆ ಎಳೆದಿದ್ದಾನೆ. ಕೈಯಲ್ಲಿ ಕೆಮ್ಮಿನ ಔಷಧಿಯ ರಟ್ಟಿನ ಡಬ್ಬ, ಡಬ್ಬದೊಳಗೆ ಚರಂಡಿಯಲ್ಲಿ ಬಿದ್ದೆದ್ದ ಬೆಕ್ಕಿನಂಥದ್ದು ಏನೋ.

"ಇದು ನನ್ನ ಸೋದರಸಂಬಂಧಿಯೊಬ್ಬರದು," ಎಂದ ಎವರಿಸ್ತೊ.

"ಹ್ಯಾಟ್ ತೆಗೀರಿ ದೊತ್ತೋರೇ. ಸೋದರಸಂಬಂಧಿ ಅಳತೆ ನೋಡ್ಬೇಕು," ಎಂದಳು ಎರ್ಸಿಲಿಯಾ.

ಅವನ ಹೆಂಡತಿ ತೀರಿಹೋದ ಚಳಿಗಾಲದಲ್ಲೇ ಅವನ ಕೂದಲೂ ಹೋಗಿತ್ತು. ಬೊಲೋನ್ಯಾಕ್ಕೆ ಹೋಗಿ ಗುಟ್ಟಾಗಿ ವಿಗ್ಗೊಂದನ್ನು ಕೊಂಡು ತಂದಿದ್ದ, ಅದೂ ದರಿದ್ರ ಕೆಲಸದ್ದು. ಎರ್ಸಿಲಿಯಾ ಅದನ್ನು ತೊಳೆದು, ಮರದ ತಲೆಯ ಮೇಲೆ ಒಣಗಲು ಹಾಕಿದಳು. ಒಣಗಲು ಒಂದೂವರೆ ಗಂಟೆ ಬೇಕು. ತಲೆಗೆ ಟವಲು ಸುತ್ತಿಕೊಂಡು ಕೂತ ಎವರಿಸ್ತೊಗೆ ಎಲ್ಲಿ ನೋಡುವುದೆಂದೇ ತಿಳಿಯಲಿಲ್ಲ, ಸುತ್ತಲೂ ಕನ್ನಡಿ. ಕೊನೆಗೆ ಜೇಬಿನಿಂದ ಮೂರು ಬೆಳ್ಳಿ ನಾಣ್ಯ ತೆಗೆದು ಅವನ್ನೇ ನೋಡುತ್ತ ಕೂತ.

"ಅದೇನು?" ಎಂದು ಕೇಳಿದಳು.

"ಫೌಸ್ತೀನಾ. ಮಹಾರಾಣಿ. ತಾಯಿಯೋ ಮಗಳೋ ಅಂತ ಗೊತ್ತಾಗ್ತಿಲ್ಲ. ಇಬ್ಬರಿಗೂ ಒಂದೇ ಹೆಸರು."

ಎರ್ಸಿಲಿಯಾ ನಾಣ್ಯ ತೆಗೆದುಕೊಂಡು ವಾಲಿಸಿ ನೋಡಿದಳು. "ಎರಡು ತಾಯೀದು, ಒಂದು ಮಗಳದು. ತಾಯಿ ಜಡೆ ಹೆಣೆದು ನೆತ್ತಿ ಮೇಲೆ ಸುತ್ಕೊಂಡಿದಾಳೆ ನೋಡಿ, ಎರಡು ಗಂಟೆ ಕೆಲಸ, ಇಬ್ರು ಆಳು ಬೇಕು. ಮಗಳಿಗೆ ಅಷ್ಟು ತಾಳ್ಮೆ ಇಲ್ಲ. ಹಿಂದಕ್ಕೆ ಬಾಚಿ ಕತ್ತಿನ ಹತ್ರ ಗಂಟು ಹಾಕಿ ಎದ್ದು ಹೋಗಿದಾಳೆ."

ಎವರಿಸ್ತೊ ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದ. ಮೂರೂ ಸರಿ. ಹದಿನೈದು ದಿನ ಬಿಟ್ಟು ಸೋಮವಾರ ಮತ್ತೆ ಬಂದ, ತಲೆಯ ನೆಪ ಹೇಳಿಕೊಂಡು ಜೇಬಿನ ತುಂಬ ನಾಣ್ಯ ತಂದ. ಹಾಗೇ ಎರಡು ವಾರಕ್ಕೊಂದು ಸೋಮವಾರ, ಇಪ್ಪತ್ತೆರಡು ವರ್ಷ ನಡೆಯಿತು. ಮಧ್ಯಾಹ್ನ ಎರಡು ಗಂಟೆಗೆ ಹಿಂದಿನ ಬಾಗಿಲು. ಸೋಂಪಿನ ಮದ್ಯ ನಾಲ್ಕು ಹನಿ ಬಿಟ್ಟ ಕಾಫಿ. ಮರದ ತಲೆಯ ಮೇಲೆ ವಿಗ್ಗು, ದೀಪದ ಕೆಳಗೆ ನಾಣ್ಯದ ರಾಣಿಯರು. ನಾಲ್ಕು ವರ್ಷಕ್ಕೊಮ್ಮೆ ಎರ್ಸಿಲಿಯಾ ಹೊಸ ವಿಗ್ಗು ಮಾಡಿಕೊಡುತ್ತಿದ್ದಳು, ಪ್ರತಿ ಸಲವೂ ಕಿವಿಯ ಮೇಲೆ ಬಿಳಿಕೂದಲು ಒಂದಿಷ್ಟು ಹೆಚ್ಚು ಸೇರಿಸುತ್ತಿದ್ದಳು. ಅವನು ಮುದುಕನಾದದ್ದೂ ಹೀಗೆ ಅವಳ ಕೈಯಿಂದಲೇ. ಇಬ್ಬರೂ ಎಂದೂ 'ದೊತ್ತೋರೇ', 'ಸಿನ್ಯೋರಾ' ಬಿಟ್ಟು ಮಾತಾಡಲಿಲ್ಲ. ಆದರೆ ಆ ಸೋಮವಾರಗಳನ್ನು ಎರ್ಸಿಲಿಯಾ ಬೇರೆ ಯಾವುದಕ್ಕೂ ಬಿಟ್ಟುಕೊಡುತ್ತಿರಲಿಲ್ಲ. ಉಳಿದ ಹದಿಮೂರು ದಿನ ಅವಳು ಆ ಒಂದಕ್ಕಾಗಿ ಕಾಯುತ್ತಿದ್ದಳು. ಅದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಒಂದು ಬೇಸಿಗೆಯಲ್ಲಿ ಬ್ರೆಡ್ಡಿನ ಅಂಗಡಿಯ ದೆಲ್ಫಿನಾ ಮಗಳ ಮದುವೆಗೆ ಹೊಸ ಬಗೆಯ ತುರುಬು ಕೇಳಿದಳು. ಎರ್ಸಿಲಿಯಾ ತಾಯಿ ಫೌಸ್ತೀನಾಳದ್ದನ್ನೇ ಕಟ್ಟಿಬಿಟ್ಟಳು. ಮುಂದಿನ ತಿಂಗಳಿಗೆ ಚರ್ಚಿನ ಪೂಜೆಗೆ ಬಂದ ಅರ್ಧ ಹೆಂಗಸರ ನೆತ್ತಿಯ ಮೇಲೆ ಜಡೆ. ಹಿಂದಿನ ಸಾಲಿನ ಗಂಡಸರಿಗೆ ಪಾದ್ರಿಯೇ ಕಾಣುತ್ತಿರಲಿಲ್ಲ. ಊರಿನಲ್ಲಿ ಹಳೆಯ ನಾಣ್ಯ ಕೂಡಿಡುವವರದೊಂದು ಕೂಟವಿತ್ತು, ಎವರಿಸ್ತೊ ಅದರ ಅಧ್ಯಕ್ಷ. ಅದರ ಕಾರ್ಯದರ್ಶಿ ಗ್ವೆರ್ರಿನೊ ಒಂದು ಗುರುವಾರ ಕೂಟದ ಮೇಜಿನಿಂದ ಬೆಳ್ಳಿ ನಾಣ್ಯವೊಂದನ್ನೆತ್ತಿ, ಯಾವ ತಮಾಷೆಯೂ ಇಲ್ಲದೆ, "ಇದು ನಮ್ಮ ದೆಲ್ಫಿನಾ ಅಲ್ವಾ?" ಎಂದು ಕೇಳಿದನಂತೆ.

ಈ ಗ್ವೆರ್ರಿನೊ ನಿವೃತ್ತ ಭೂಮಾಪಕ. ಎಲ್ಲವನ್ನೂ ಅಳೆಯುವವನು. ಕೂಟದ ನಿಯಮವೊಂದಿತ್ತು, ಅವನೇ ಮಾಡಿದ್ದು: ನಾಣ್ಯ ಮೇಜಿನ ಸುತ್ತ ಕೈಯಿಂದ ಕೈಗೆ ಹೋಗಬೇಕು, ಹೆಸರು ಹೇಳಿದವನು ಎಲ್ಲರ ಮುಂದೆ ಕಾರಣವನ್ನೂ ಹೇಳಬೇಕು. ಕಾರಣ ಹೇಳದಿದ್ದರೆ ಆ ಹೆಸರು ದಾಖಲೆಯಲ್ಲಿ ಉಳಿಯುವುದಿಲ್ಲ. ಇದೇ ನಿಯಮ ಮುಂದೆ ಎರ್ಸಿಲಿಯಾಳ ಕುತ್ತಿಗೆಗೆ ಬಂತು.

ಹತ್ತು ವರ್ಷದ ಹಿಂದೆ ಎವರಿಸ್ತೊ ಭಾನುವಾರದ ಸಂತೆಯಲ್ಲಿ ನೀರೋ ಚಕ್ರವರ್ತಿಯದೆಂದು ಮಾರುತ್ತಿದ್ದ ಬೆಳ್ಳಿ ನಾಣ್ಯವೊಂದನ್ನು ತಂದಿದ್ದ. ಹಿಂಬದಿಯನ್ನು ಯಾವಳೋ ಅಂಗಿಗೆ ಗುಂಡಿ ಮಾಡಿಕೊಳ್ಳಲು ಉಜ್ಜಿ ನುಣ್ಣಗೆ ಮಾಡಿಸಿದ್ದಳು. ಮುಂಬದಿಯ ಅಕ್ಷರಗಳು ಸವೆದು, ಎಲ್ಲ ಚಕ್ರವರ್ತಿಗಳಿಗೂ ಇರುವ 'ಸೀಸರ್' ಅನ್ನುವುದಷ್ಟೇ ಉಳಿದಿತ್ತು. ದಪ್ಪ ಮುಖ, ಹಣೆಯ ಮೇಲೆ ಸಾಲು ಗುಂಗುರು. ಎರ್ಸಿಲಿಯಾ ಅದನ್ನು ನೋಡಿದ್ದೇ ನಕ್ಕುಬಿಟ್ಟಳು.

"ಇವನ ತಲೆ ಮೇಲಿರೋದು ಇವನದಲ್ಲ ದೊತ್ತೋರೇ."

ಟವಲು ಸುತ್ತಿಕೊಂಡಿದ್ದ ಎವರಿಸ್ತೊ ಬೆಚ್ಚಿದ. "ಅಂದ್ರೆ?"

"ಸುಳಿ ಎಲ್ಲಿದೆ ತೋರಿಸಿ ನೋಡೋಣ. ಹುಟ್ಟಿದ ತಲೆಗೆ ನೆತ್ತಿ ಹಿಂದೆ ಸುಳಿ ಇರುತ್ತೆ, ಕೂದಲು ಅಲ್ಲಿಂದ ಸುತ್ತಿ ಹರಡುತ್ತೆ. ಇಲ್ಲಿ ನೋಡಿ, ಉತ್ತ ಹೊಲದ ಹಾಗೆ ಸಾಲು ಸಾಲು. ಹಣೆ ಪಕ್ಕ ಅಂಚು ನೋಡಿ, ಟೋಪಿ ಇಟ್ಟ ಹಾಗೆ ಏಕ್‌ದಂ ಶುರುವಾಗಿದೆ. ವಿಗ್ಗು. ಒಳ್ಳೆ ಕೆಲಸಗಾರನೇ ಮಾಡಿದಾನೆ, ಆದ್ರೂ ವಿಗ್ಗು."

ಎವರಿಸ್ತೊ ಟವಲಿನ ಸಮೇತ ಎದ್ದು ನಿಂತ. ನೀರೋ ಸತ್ತ ಮೇಲೆ ಮೂರೇ ತಿಂಗಳು ಆಳಿದ ಒಬ್ಬನಿದ್ದ, ಓತೋ ಅಂತ. ಅವನಿಗೆ ಕೂದಲು ಕಡಿಮೆ, ಯಾರಿಗೂ ಗೊತ್ತಾಗದಂಥ ವಿಗ್ಗು ಹಾಕುತ್ತಿದ್ದ ಎಂದು ಹಳೆಯ ಚರಿತ್ರೆಕಾರರು ಬರೆದಿಟ್ಟಿದ್ದಾರೆ. ನೀರೋನ ಬೆಳ್ಳಿ ಬೇಕಾದಷ್ಟು ಸಿಗುತ್ತದೆ, ಓತೋನದು ಕಣ್ಣಿಗೆ ಬೀಳುವುದೇ ಅಪರೂಪ. ಎವರಿಸ್ತೊ ಕೂಟದಲ್ಲಿ ಸಂಭ್ರಮದಿಂದ ಹೇಳಿದ: ಇದು ಓತೋ, ಗುರುತು ಹಿಡಿದದ್ದು ನಮ್ಮ ಸಿನ್ಯೋರಾ ಎರ್ಸಿಲಿಯಾ, ಔಷಧಿ ತೆಗೆದುಕೊಳ್ಳಲು ಬಂದಾಗ ಗಲ್ಲಾದ ಮೇಲೆ ಕಂಡು, ಕೂದಲು ನೋಡಿ ಹೇಳಿದರು. ಸೋಮವಾರದ ಮಾತೆತ್ತಲಿಲ್ಲ. ಅಂದಿನಿಂದ ಗ್ವೆರ್ರಿನೊಗೆ ಹೊಟ್ಟೆಯುರಿ. ಅವನ ಪ್ರಕಾರ ಅದು ನೀರೋ, ಹೇಳಿದವಳೇ ಬಂದು ಕಾರಣ ಹೇಳುವವರೆಗೆ ದಾಖಲೆಯಲ್ಲಿ ಓತೋ ಇಲ್ಲ.

"ಕೂದಲು ನೋಡಿ ನಾಣ್ಯ ಹೇಳೋದಾದ್ರೆ, ಚಪ್ಪಲಿ ನೋಡಿ ಪೋಪನ್ನ ಆರಿಸಬಹುದು," ಎನ್ನುತ್ತಿದ್ದ ಬಾರಿನಲ್ಲಿ ಕೂತು.

ಈ ವರ್ಷ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಪುರಸಭೆಯ ಮಹಡಿಯಲ್ಲಿ ಸಣ್ಣದೊಂದು ವಸ್ತುಸಂಗ್ರಹಾಲಯ ತೆರೆಯುವುದೆಂದಾಯಿತು. ಎವರಿಸ್ತೊ ತನ್ನ ಓತೋನನ್ನು ಊರಿಗೆ ದಾನ ಕೊಟ್ಟ, ಅದೇ ನಡುವಿನ ಗಾಜಿನ ಪೆಟ್ಟಿಗೆಯ ರಾಜ. ಹೆಸರುಚೀಟಿ ಬರೆಯಲು ಬೊಲೋನ್ಯಾದಿಂದ ತಜ್ಞೆ ಬ್ರಾಂದಿಮಾರ್ತೆ ಬಂದಳು. ಇನ್ನೂ ಚಿಕ್ಕ ವಯಸ್ಸು, ಮರ್ಯಾದಸ್ಥೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಅಕ್ಷರ ಇಲ್ಲ, ಹಿಂಬದಿ ಇಲ್ಲ. ನೀರೋ ಅಂತ ಬರೆಯೋದೇ ಸುರಕ್ಷಿತ," ಎಂದಳು. ಗ್ವೆರ್ರಿನೊ ಅದೇ ಸಂಜೆ ಬಾರಿನಲ್ಲಿದ್ದವರಿಗೆಲ್ಲ ಕಾಫಿ ಕುಡಿಸಿದ. ಅವನು ಯಾರಿಗಾದರೂ ಕಾಫಿ ಕುಡಿಸಿದ್ದನ್ನು ಊರು ಅದೇ ಮೊದಲು ನೋಡಿದ್ದು.

ಭಾನುವಾರ ಪೂಜೆ ಮುಗಿದ ಮೇಲೆ ಪುರಸಭೆಯ ಕೋಣೆಯಲ್ಲಿ ಕೂಟ ಸೇರುತ್ತದೆ, ನಾಣ್ಯ ಮೇಜಿನ ಸುತ್ತ ಹೋಗುತ್ತದೆ, ಎರ್ಸಿಲಿಯಾ ಬಂದು ಕಾರಣ ಹೇಳಲಿ ಎಂದು ಕರೆ ಬಂತು. ಅವಳಿಗೆ ನಿದ್ದೆ ಹತ್ತಲಿಲ್ಲ. ಕಾರಣ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಗಂಡಸಿನ ದಿನಬಳಕೆಯ ವಿಗ್ಗು ಹೇಗಿರುತ್ತದೆಂದು ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ? ಅವಳು ಕೈಯಾರೆ ಬಲ್ಲ ಅಂಥ ವಿಗ್ಗು ಲೋಕದಲ್ಲಿ ಒಂದೇ, ಅದು ಅದೇ ಮೇಜಿನ ತುದಿಯಲ್ಲಿ ಅಧ್ಯಕ್ಷನ ತಲೆಯ ಮೇಲೆ ಕೂತಿರುತ್ತದೆ. ಬಾಯಿಬಿಟ್ಟರೆ ಸೋಮವಾರ ಹೋಯಿತು. ಬಿಡದಿದ್ದರೆ ಓತೋ ಹೋದ, ಅವಳ ಜೀವನದ ಒಂದೇ ಒಂದು ಹೆಮ್ಮೆ.

ಭಾನುವಾರ ಕೋಣೆ ಕಿಕ್ಕಿರಿದಿತ್ತು. ಕೂಟದವರು ಐದೇ ಜನ. ಮಿಕ್ಕವರೆಲ್ಲ ಗೋಡೆಗೊರಗಿದ್ದ ಊರಿನವರು, ಮುಂದಿನ ಸಾಲಿನಲ್ಲೇ ದೆಲ್ಫಿನಾ. ಹಸಿರು ಬಟ್ಟೆಯ ಮೇಜಿನ ಸುತ್ತ ನಾಣ್ಯ ಹೊರಟಿತು. ನೀರೋ. ನೀರೋ. ಹೇಳಲಾರೆ. ನೀರೋ. ಎವರಿಸ್ತೊ ಮೆಲ್ಲಗೆ, "ಓತೋ," ಎಂದ. ಕೊನೆಗೆ ಎರ್ಸಿಲಿಯಾಳ ಅಂಗೈ. ಬೆಳ್ಳಿ ಬೆಚ್ಚಗಿತ್ತು, ಅಷ್ಟು ಕೈ ದಾಟಿ ಬಂದಿತ್ತಲ್ಲ.

"ಓತೋ," ಎಂದಳು. "ಯಾಕಂದ್ರೆ ಇದು ವಿಗ್ಗು. ಸುಳಿ ಇಲ್ಲ. ಅಂಚು ಟೋಪೀದು."

"ಸವೆದ ನಾಣ್ಯದಲ್ಲಿ ಸುಳಿ ಎಲ್ಲಿ ಉಳಿಯುತ್ತೆ ಸಿನ್ಯೋರಾ?" ತಜ್ಞೆ ಮೃದುವಾಗಿ ಕೇಳಿದಳು.

"ಬೇರೆ ಕೂದಲೆಲ್ಲ ಉಳಿದಿದೆಯಲ್ಲಮ್ಮ, ಸಾಲು ಎಣಿಸಬಹುದು. ಸುಳಿ ಒಂದೇ ಸವೆದು ಹೋಗುತ್ತಾ?"

ತಜ್ಞೆ ಮತ್ತೆ ಭೂತಗನ್ನಡಿ ಎತ್ತಿಕೊಂಡಳು. ಗ್ವೆರ್ರಿನೊಗೆ ಅದು ಹಿಡಿಸಲಿಲ್ಲ.

"ಒಂದ್ನಿಮಿಷ. ನೀವು ಒಪೆರಾದಲ್ಲಿ ಕಟ್ಟಿದ್ದು ಹೆಂಗಸರ ವಿಗ್ಗು, ಒಂದೊಂದೂ ಹುಲ್ಲಿನ ಮೆದೆ ಅಷ್ಟೆತ್ತರ. ಗಂಡಸು ಬೀದಿಯಲ್ಲಿ ಹಾಕ್ಕೊಂಡು ಓಡಾಡೋ ವಿಗ್ಗಿಗೆ ಸುಳಿ ಇರುತ್ತೋ ಇಲ್ವೋ ಅಂತ ನಿಮಗೇನು ಗೊತ್ತು? ಎಲ್ಲಿ ನೋಡಿದ್ರಿ? ಕಾರಣ ಬೇಕು."

ಎರ್ಸಿಲಿಯಾ ಅವನತ್ತ ನೋಡಿದಳು. ಕಿಟಕಿಯತ್ತ ನೋಡಿದಳು. ಮೇಜಿನ ತುದಿಯಲ್ಲಿದ್ದ ಎವರಿಸ್ತೊನತ್ತ ಮಾತ್ರ ನೋಡಲಿಲ್ಲ.

"ನೆನಪಿಲ್ಲ," ಎಂದಳು.

"ನೆನಪಿಲ್ಲ!" ಗ್ವೆರ್ರಿನೊ ಜನರತ್ತ ತಿರುಗಿ ಕೈ ಚಾಚಿದ. "ಕೇಳಿದ್ರಾ? ಊರಿನ ಎಲ್ಲರ ತಲೆ ನೆನಪಿದೆ, ಇದೊಂದು ನೆನಪಿಲ್ಲ!"

ಕೆಲವರು ನಕ್ಕರು. ಎರ್ಸಿಲಿಯಾಳ ಕಿವಿ ಕೆಂಪಾಯಿತು. ಅರವತ್ಮೂರು ವರ್ಷದಲ್ಲಿ ಅವಳು ಜನರ ಮುಂದೆ ತಲೆತಗ್ಗಿಸಿದ್ದು ಅದೇ ಮೊದಲು. ನಾಲಿಗೆ ಕಚ್ಚಿಕೊಂಡು ನಾಣ್ಯವನ್ನು ಹಸಿರು ಬಟ್ಟೆಯ ಮೇಲಿಟ್ಟಳು. ಗ್ವೆರ್ರಿನೊ ಪೆನ್ನಿನ ಮುಚ್ಚಳ ತೆಗೆದು ದಾಖಲೆ ಪುಸ್ತಕದಲ್ಲಿ ನೀರೋ ಎಂದು ಬರೆಯಲು ಶುರುಮಾಡಿದ.

"ಬರೀಬೇಡಿ," ಎಂದ ಎವರಿಸ್ತೊ.

ಎದ್ದು ನಿಂತ. ಎರಡೂ ಕೈಯನ್ನು ಕಿವಿಗಳ ಹತ್ತಿರ ಒಯ್ದ, ಅಂಟು ಬಿಡಿಸುವಾಗ ಸಣ್ಣದೊಂದು ಸದ್ದಾಯಿತು. ಆಮೇಲೆ ವಿಗ್ಗನ್ನು ತೆಗೆದು, ನಾಣ್ಯದ ಪಕ್ಕದಲ್ಲಿ, ಒಂದು ಬದಿ ತಜ್ಞೆಯ ಕಡೆ ಬರುವ ಹಾಗೆ ಇಟ್ಟ. ಅವನ ಬೋಳುತಲೆ ಕಿಟಕಿಯ ಬೆಳಕಿಗೆ ಮಿರುಗಿತು. ದನಿ ಗಲ್ಲಾದ ಹಿಂದೆ ಔಷಧಿಯ ಪ್ರಮಾಣ ಹೇಳುವಾಗಿನದೇ.

"ಇಲ್ಲಿ ನೋಡಿದ್ರು. ಇಪ್ಪತ್ತೆರಡು ವರ್ಷ. ಇದನ್ನ ಕಟ್ಟಿದ ಕೈ ಈ ದೇಶದಲ್ಲೇ ಒಳ್ಳೆ ಕೈ, ಅವರೇ ಸುಳಿ ಹಾಕೋಕೆ ಆಗಲ್ಲ ಅಂತಾರೆ. ಈಗ ಅಂಚು ನೋಡಿ ದೊತ್ತೊರೆಸ್ಸಾ. ಆಮೇಲೆ ನಾಣ್ಯದ ಅಂಚು ನೋಡಿ."

ತಜ್ಞೆ ಭೂತಗನ್ನಡಿಯನ್ನು ವಿಗ್ಗಿನ ಮೇಲೆ ಹಿಡಿದಳು, ನಾಣ್ಯದ ಮೇಲೆ ಹಿಡಿದಳು, ಮತ್ತೆ ವಿಗ್ಗು, ಮತ್ತೆ ನಾಣ್ಯ. ಕೊನೆಗೆ ಎರ್ಸಿಲಿಯಾಳನ್ನು ನೋಡಿ, "ಹೆಸರುಚೀಟಿ ಖಾಲಿ ಇರಲಿ. ಓತೋನ ನಾಣ್ಯಗಳ ಚಿತ್ರಗಳು ನಮ್ಮಲ್ಲಿವೆ. ಒಂದೇ ಅಚ್ಚಿನಲ್ಲಿ ಹೊಡೆದದ್ದಾದರೆ ಕೂದಲ ಒಂದೊಂದು ಗೆರೆಯೂ ಹೊಂದಬೇಕು. ಹೋಗಿ ಹೊಂದಿಸಿ ನೋಡ್ತೀನಿ," ಎಂದಳು.

ಗ್ವೆರ್ರಿನೊ ಪೆನ್ನಿನ ಮುಚ್ಚಳ ಹಾಕಿದ. ಕೆಮ್ಮಿದ. "ದೊತ್ತೋರೇ, ಇಟ್ಕೊಳ್ಳಿ ತಲೆಗೆ, ಶೀತ ಆಗುತ್ತೆ. ನಮಗೆಲ್ಲ ಮೊದಲೇ ಗೊತ್ತು."

ಮೆಟ್ಟಿಲಿಳಿಯುವಾಗ ಎರ್ಸಿಲಿಯಾ ದೆಲ್ಫಿನಾಳ ತೋಳು ಹಿಡಿದು ನಿಲ್ಲಿಸಿದಳು. ಅವಳ ಮೈಯೆಲ್ಲ ಉರಿಯುತ್ತಿತ್ತು.

"ಮೊದಲೇ ಗೊತ್ತು ಅಂದ್ರೇನೇ?"

"ಗೊತ್ತು ಅಂದ್ರೆ ಗೊತ್ತು ಕಣೆ. ಯಾವ ಗಂಡಸಿನ ಕೂದಲು ಗಾರ್ಬೀನೊದಲ್ಲಿ ಅಲ್ಲಾಡದೆ ನಿಲ್ಲುತ್ತೆ?"

"ಸೋಮವಾರ?"

"ಅದೂ ಗೊತ್ತು. ಹಿಂದಿನ ಬಾಗಿಲೂ ಗೊತ್ತು. ನೀನು ಹೇಳಲ್ಲ ಅಂತ ಗೊತ್ತಿದ್ದೇ ಗ್ವೆರ್ರಿನೊ ಕೇಳಿದ್ದು. ಸೋಂಪಿನ ವಾಸನೆ ನಮ್ಮ ಒಲೆಮನೆ ತನಕ ಬರುತ್ತೆ."

"ಮತ್ತೆ ಇಪ್ಪತ್ತೆರಡು ವರ್ಷ ಒಬ್ರಾದ್ರೂ ಬಾಯಿ ಬಿಟ್ರೇನೇ? ನಾನಿಲ್ಲಿ ನಾಲಿಗೆ ಕಚ್ಚಿ ಕಚ್ಚಿ ಸತ್ತೆ!"

ದೆಲ್ಫಿನಾ ಅವಳ ಕೋಟಿನ ಕಾಲರು ಸರಿಮಾಡಿದಳು. "ಹೇಳಿದ್ರೆ ಅವರು ನಾಚಿಕೊಂಡು ಬರೋದು ನಿಲ್ಲಿಸ್ತಿದ್ರು. ಆಮೇಲೆ ನೀನು ನಮ್ಮ ತಲೆಗೆಲ್ಲ ಬಿಸಿನೀರು ಸುರಿದು ಬೇಯಿಸ್ತಿದ್ದೆ. ನಮ್ಮ ನಮ್ಮ ತಲೆ ಉಳಿಸ್ಕೊಂಡ್ವಿ, ಅಷ್ಟೇ."

ಬಾಯಿಗೆ ಬೀಗ ಇರುವುದು ತನಗೊಬ್ಬಳಿಗೇ ಎಂದುಕೊಂಡಿದ್ದವಳು ಎರ್ಸಿಲಿಯಾ. ಚಾಡಿ ಹೇಳದೆ ಊಟ ಅರಗದ ಈ ಊರು ಅವಳ ಸೋಮವಾರವನ್ನು ಇಪ್ಪತ್ತೆರಡು ವರ್ಷ ಬಾಯಲ್ಲಿಟ್ಟುಕೊಂಡು ಕಾಪಾಡಿತ್ತು. ಮೆಟ್ಟಿಲ ಮೇಲೆಯೇ ಕೂತು ಅತ್ತಳು, ದೆಲ್ಫಿನಾ ಪಕ್ಕದಲ್ಲಿ ಕೂತು ಕಾದಳು.

ಅವರ ಸರದಿಯ ಸೋಮವಾರಕ್ಕೆ ಇನ್ನೂ ಎಂಟು ದಿನವಿತ್ತು. ಅಷ್ಟೂ ದಿನ ಎವರಿಸ್ತೊ ಬೋಳುತಲೆಯಲ್ಲೇ ಔಷಧಿ ಮಾರಿದ. ಮೊದಲ ದಿನ ಯಾವ ಕಾಯಿಲೆಯೂ ಇಲ್ಲದವರೂ ಗುಳಿಗೆ ಕೊಳ್ಳಲು ಬಂದರು, ಮೂರನೆಯ ದಿನಕ್ಕೆ ಯಾರೂ ತಲೆಯೆತ್ತಿ ನೋಡಲಿಲ್ಲ. ಎರ್ಸಿಲಿಯಾ ಮಾತ್ರ ಔಷಧಿ ಅಂಗಡಿಯ ಕಡೆ ಸುಳಿಯಲಿಲ್ಲ. ತೊಳೆಯಲು ವಿಗ್ಗಿಲ್ಲದ ಮೇಲೆ ಅವನು ಯಾಕೆ ಬರುತ್ತಾನೆ? ಕೇಳಿ ತಿಳಿಯುವುದಕ್ಕಿಂತ ಕೇಳದೆ ಇರುವುದೇ ಮೇಲು ಅನ್ನಿಸಿತ್ತು ಅವಳಿಗೆ.

ಸೋಮವಾರ ಬಂತು. ಕೈ ರೂಢಿಯಂತೆ ಎರಡು ಬಟ್ಟಲು ತೆಗೆದಿಟ್ಟಿತು. ಅವಳು ತನ್ನನ್ನೇ ಬೈದುಕೊಂಡು ಒಂದನ್ನು ಕಪಾಟಿಗೆ ವಾಪಸಿಟ್ಟಳು. ಹಿಂದಿನ ಬಾಗಿಲ ಚಿಲಕ ಮಾತ್ರ ತೆಗೆದೇ ಇತ್ತು. ಎರಡು ಗಂಟೆಯಾಯಿತು. ಎರಡೂ ಹತ್ತು. ಎರಡೂ ಕಾಲು. ಮರದ ತಲೆಯ ಮೇಲೆ ಧೂಳು ಕೂತಿತ್ತು, ಅದನ್ನು ಒರೆಸಿದಳು. ಒರೆಸಿದ ಮೇಲೆ ಇನ್ನೊಮ್ಮೆ ಒರೆಸಿದಳು.

ಆಗ ಮುಂದಿನ ಶಟರು ದಡದಡ ಸದ್ದು ಮಾಡಿತು.

"ರಜಾ!" ಎಂದು ಒಳಗಿನಿಂದಲೇ ಕೂಗಿದಳು.

"ಗೊತ್ತು," ಎಂದಿತು ಹೊರಗಿನ ದನಿ. "ತಲೆ ತೊಳೆಸೋಕೆ ಬಂದಿಲ್ಲ."

ಶಟರನ್ನು ಮೊಣಕಾಲಿನಷ್ಟು ಎತ್ತಿ ಬಗ್ಗಿ ನೋಡಿದಳು. ಪಾಲಿಶ್ ಮಾಡಿದ ಬೂಟು. ಸೊಂಟದಷ್ಟು ಎತ್ತಿದಳು. ಕಂಕುಳಲ್ಲಿ ನಾಣ್ಯದ ಮರದ ತಟ್ಟೆ, ಕೈಯಲ್ಲಿ ಬೊಲೋನ್ಯಾದ ಅಂಚೆಮುದ್ರೆಯ ಲಕೋಟೆ. ನಡುಚೌಕದ ಬಿಸಿಲಿನಲ್ಲಿ, ಬಾರಿನವರೆಲ್ಲ ಕುರ್ಚಿ ತಿರುಗಿಸಿ ನೋಡುತ್ತಿರುವಾಗ, ಎವರಿಸ್ತೊ ಬರಿದಲೆಯಲ್ಲಿ ನಿಂತಿದ್ದ.

"ಅಚ್ಚು ಹೊಂದಿತಂತೆ, ಗೆರೆಗೆ ಗೆರೆ," ಎಂದ. "ಓತೋ. ಹೆಸರುಚೀಟಿಯಲ್ಲಿ 'ಗುರುತಿಸಿದವರು' ಅಂತ ನಿಮ್ಮ ಹೆಸರೂ ಬರುತ್ತೆ."

"ವಿಗ್ಗೆಲ್ಲಿ ದೊತ್ತೋರೇ?"

"ಪೆಟ್ಟಿಗೆಯಲ್ಲಿದೆ. ಚಳಿಗಾಲಕ್ಕೆ ಇರಲಿ ಅಂತ." ತಟ್ಟೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದ. "ಹೊಸದಾಗಿ ನಾಲ್ಕು ರಾಣಿಯರನ್ನ ತಂದಿದೀನಿ. ಒಬ್ಬಳೂ ಯಾರು ಅಂತ ಗೊತ್ತಾಗ್ತಿಲ್ಲ. ಒಳಗೆ ಬರ್ಲಾ ಎರ್ಸಿಲಿಯಾ?"

'ಸಿನ್ಯೋರಾ' ಇಲ್ಲದ ಅವಳ ಹೆಸರನ್ನು ಚೌಕವೆಲ್ಲ ಕೇಳಿಸಿಕೊಂಡಿತು.

"ಬನ್ನಿ ಎವರಿಸ್ತೊ," ಎಂದಳು. ಶಟರನ್ನು ಪೂರ್ತಿ ಮೇಲಕ್ಕೆತ್ತಿದಳು, ಒಳಗೆ ಹೋಗಿ ಕಪಾಟಿನಿಂದ ಎರಡನೆಯ ಬಟ್ಟಲನ್ನು ತಂದಿಟ್ಟಳು. ಆ ಸೋಮವಾರ ಸಂಜೆಯವರೆಗೂ ಶಟರನ್ನು ಇಳಿಸಲೇ ಇಲ್ಲ.